ನನಗೆ ತಿಳಿದಮಟ್ಟಿಗೆ

ಮಳೆಗಾಲ ಹಿಡಿಯುವ ಹೊತ್ತಿಗೆ ಪ್ರತಿವರ್ಷವೂ ನನ್ನ ಮೇಜಿಗೆ ಗುಣನಡತೆಯ ಕಾಗದಗಳು ಬರುತ್ತವೆ. ‘ಈ ವಿದ್ಯಾರ್ಥಿಯ ನಡತೆಯು ನನಗೆ ತಿಳಿದಮಟ್ಟಿಗೆ ಉತ್ತಮವಾಗಿರುತ್ತದೆ’ ಎಂದು ಅಚ್ಚಾಗಿಯೇ ಇರುತ್ತದೆ. ಹೆಸರು ತುಂಬಿ ಸಹಿ ಹಾಕುವುದಷ್ಟೇ ನನ್ನ ಪಾಲಿನ ಕೆಲಸ. ಕನ್ನಡದ ಮೇಷ್ಟರಾಗಿ ಹೇಳುವುದಾದರೆ, ಆ ವಾಕ್ಯದಲ್ಲಿ ಪ್ರಾಮಾಣಿಕವಾದದ್ದು ‘ನನಗೆ ತಿಳಿದಮಟ್ಟಿಗೆ’ ಎಂಬಷ್ಟೇ.

ಈ ಸಲ ಕುಮಟೆಯ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ನರ್ಸಿಂಗ್ ಕಾಲೇಜಿಗೆ ಸೇರಲು ಆ ಕಾಗದ ಕೇಳಿಕೊಂಡು ಬಂದಳು. ಅಂಕಗಳ ಮಾತು ಮುಗಿದಿತ್ತು. ಉಳಿದದ್ದು ಅಂಕಕ್ಕೆ ಸಂಬಂಧಪಡದ ಶರತ್ತುಗಳು. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ದೇಹಾರೋಗ್ಯ ಸರಿಯಿದೆಯೆಂದು ವೈದ್ಯರು ಬರೆದುಕೊಡಬೇಕು. ಹೆಪಟೈಟಿಸ್-ಬಿ ಲಸಿಕೆ ಆಗಿರಬೇಕೆನ್ನುವ ಕಾಲೇಜುಗಳೂ ಉಂಟು. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಕೇರಳದ ಪೇರಾಂಬ್ರದಲ್ಲಿ ನಿಪಾ ರೋಗಿಯ ಆರೈಕೆ ಮಾಡಿದ ಲಿನಿ ಎಂಬ ದಾದಿ 2018ರ ಮೇ ತಿಂಗಳಲ್ಲಿ ಅದೇ ರೋಗಕ್ಕೆ ತುತ್ತಾದರು. ಬೇರೆಯವರ ರೋಗದ ನಡುವೆ ನಿಲ್ಲುವವರ ಮೈಯನ್ನು ಮೊದಲೇ ನೋಡಿಕೊಳ್ಳುವುದು ಅವರಿಗೂ ಸಲ್ಲಬೇಕಾದ ಉಪಕಾರವೇ. ನನ್ನನ್ನು ತಡೆದದ್ದು ಗುಣನಡತೆಯ ಕಾಗದ.

ಏಕೆಂದರೆ ಈ ಹುಡುಗಿಯನ್ನು ನಾನು ತರಗತಿಯಲ್ಲಿ ಎಲ್ಲರ ಮುಂದೆ ಬಯ್ದಿದ್ದೆ. ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಿ ಬೇಕು. ಅವಳದು ಕೊನೆಯವರೆಗೂ ತೂಗುಯ್ಯಾಲೆಯಲ್ಲಿತ್ತು. ‘ಓದುವ ಮನಸ್ಸಿಲ್ಲದವರು ಬರುವುದೇತಕ್ಕೆ?’ ಎಂದಿದ್ದೆ. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಉತ್ತರಿಸಲಿಲ್ಲ. ಕಾಗದ ಮುಂದಿಟ್ಟಾಗ ಈಗಲಾದರೂ ಕೇಳೋಣವೆಂದು ಕೇಳಿದೆ.

“ಅಜ್ಜಿ ಹಾಸಿಗೆ ಹಿಡಿದಿದ್ದಳು ಸರ್. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣಾಗ್ತದೆ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗ್ತಾಳೆ.”

ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದ ದಿನಗಳಲ್ಲಿ ಅವಳು ನಡೆಸುತ್ತಿದ್ದುದು, ಈಗ ನನ್ನಿಂದ ಪ್ರಮಾಣಪತ್ರ ಬೇಡುತ್ತಿರುವ ವಿದ್ಯೆಯನ್ನೇ! ಹಾಗಾದರೆ ಎರಡು ವರ್ಷ ಎದುರಿಗಿದ್ದವಳ ವಿಷಯದಲ್ಲಿ ನನಗೆ ತಿಳಿದಮಟ್ಟ ಯಾವುದು?

ಆದರೆ ಇಲ್ಲಿ ಕರಗಿಹೋಗುವುದೂ ಸರಿಯಲ್ಲವೆನ್ನಿಸಿತು. ಅಜ್ಜಿಯ ಮಗ್ಗುಲು ಬದಲಿಸುವುದು ರಕ್ತಸಂಬಂಧದ ಮಾತು. ದಾದಿಯ ಕೆಲಸ ಸಂಬಂಧವಿಲ್ಲದವರದು. ಭಟ್ಕಳದಲ್ಲಿ ಗಂಡುಮಕ್ಕಳೆಲ್ಲ ದುಬೈ, ಸೌದಿಗಳಲ್ಲಿದ್ದು ಮುದುಕರಷ್ಟೇ ಉಳಿದ ಮನೆಗಳುಂಟು. ಹೊನ್ನಾವರದವರು ಕಷ್ಟದ ಕಾಯಿಲೆಯೆಂದರೆ ಇಂದಿಗೂ ಮಣಿಪಾಲ, ಮಂಗಳೂರಿನ ದಾರಿ ಹಿಡಿಯುತ್ತಾರೆ. ಅಲ್ಲಿ ನಡುರಾತ್ರಿ ಅವರ ಮಲಮೂತ್ರ ತೆಗೆಯುವ ಕೈ ಯಾವ ಊರಿನದೋ, ಯಾವ ಜಾತಿಮತದ್ದೋ. ಬಯ್ಯುವ ರೋಗಿಯೂ ಇರುತ್ತಾನೆ, ಮುಟ್ಟಬೇಡ ಎನ್ನುವವನೂ ಇರುತ್ತಾನೆ. ಅಂಥವನನ್ನು ಅಜ್ಜಿಯಂತೆ ಪ್ರೀತಿಸೆಂದು ಯಾರೂ ಆಜ್ಞೆ ಮಾಡಲಾರರು. ಪ್ರೀತಿ ಇಲ್ಲದಿದ್ದರೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಇದು ಪ್ರೀತಿಗಿಂತ ಕೆಳಗಿನ ಗುಣವೆಂದು ಒಂದು ಕಾಲದಲ್ಲಿ ನಾನು ತಿಳಿದಿದ್ದೆ, ಈಗ ಹಾಗನ್ನಿಸುವುದಿಲ್ಲ.

ಇದನ್ನು ಬಾಗಿಲಲ್ಲೇ ನಿಂತು ಅಳೆಯುವುದು ಹೇಗೆ? 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ಶಾಲೆ ತೆರೆದಾಗ ಅಲ್ಲಿಯೂ ನಡತೆಯ ಪತ್ರ ಕೇಳುತ್ತಿದ್ದರು. ಆದರೆ ಅದನ್ನೇ ನಂಬಿ ಕೂರಲಿಲ್ಲ. ಒಳಗೆ ಬಂದ ಪ್ರತಿಯೊಬ್ಬಳ ಬಗ್ಗೆ ತಿಂಗಳಿಗೊಮ್ಮೆ ತುಂಬುವ ಒಂದು ಪಟ್ಟಿಯಿತ್ತು. ಹೊತ್ತಿಗೆ ಸರಿಯಾಗಿ ಬರುವಳೇ, ಗದ್ದಲವಿಲ್ಲದೆ ಕೆಲಸ ಮಾಡುವಳೇ, ನಂಬಿಕೆಗೆ ಅರ್ಹಳೇ, ಚೊಕ್ಕಟವಾಗಿರುವಳೇ, ಹೀಗೆ. ವಿಕ್ಟೋರಿಯಾ ಕಾಲದ ಬಿಗಿ ಅದರಲ್ಲಿತ್ತು, ನಿಜ. ಆದರೂ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರು ಬರೆಯುತ್ತಿದ್ದರು, ನನ್ನಂತೆ ಹಾಜರಿ ಕೂಗುವವರಲ್ಲ.

ಅಚ್ಚಿನ ವಾಕ್ಯವನ್ನು ಹೊಡೆದುಹಾಕಿ ನಡೆದದ್ದನ್ನೇ ಬರೆಯಲು ಹೊರಟೆ. ಹುಡುಗಿ ಗಾಬರಿಯಾದಳು.

“ಬೇಡ ಸರ್, ಅಚ್ಚಿನದೇ ಇರಲಿ. ಹಾಜರಿ ಕಡಿಮೆ ಅಂತ ಅಲ್ಲಿಯವರಿಗೂ ಗೊತ್ತಾಗ್ತದೆ.”

ಅವಳು ಹೇಳಿದ್ದೂ ಸರಿಯೇ. ಪೆನ್ನು ಮುಚ್ಚದೆ ಇನ್ನೊಂದು ಕೇಳಿದೆ: “ಅಜ್ಜಿಗೆ ಮಾಡಿದ್ದನ್ನು ಗುರುತಿಲ್ಲದವರಿಗೂ ಮಾಡಬಲ್ಲೆಯಾ?”

ಸ್ವಲ್ಪ ಯೋಚಿಸಿದಳು. “ಗೊತ್ತಿಲ್ಲ ಸರ್” ಎಂದಳು.

ಅಚ್ಚಿನ ವಾಕ್ಯದ ಕೆಳಗೆ ಸಹಿ ಹಾಕಿ ಕೊಟ್ಟೆ.