ಸಾರಿಸಿದ ನೆಲ, ತೊಳೆದ ನೆಲ

ನಮ್ಮ ಪಡಸಾಲೆಯ ಫರಸಿಯೊಂದರ ಮೇಲೆ ಅಂಗೈಯಗಲದ ಬಿಳಿ ಕಲೆಯಿದೆ. ಕೊಳೆ ತೆಗೆಯಲು ಹೋದವನು ಮಾಡಿದ ಕಲೆ ಅದು. ಮಳೆಗಾಲ ಮುಗಿದು ಗೋಡೆಯ ಬುಡದಲ್ಲಿ ಬೆಳ್ಳಗೆ ಉಪ್ಪು ಎದ್ದಿತ್ತು. ದೀಪಾವಳಿ ಹತ್ತಿರ ಬಂದಿತ್ತು. ಕಕ್ಕಸಿಗೆ ಹಾಕುವ ಆ್ಯಸಿಡ್ ತಂದು ಸುರಿದೆ. ಸುರ್ರೆಂದು ನೊರೆ ಬಂತು. ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟೆ. ತೊಳೆದು ನೋಡಿದರೆ ಕಲ್ಲಿನ ನುಣುಪೇ ಇಲ್ಲ. ಅವ್ವ ಬಂದು ಕಾಲಿನಿಂದ ಸವರಿ, "ಹೊಲಸೂ ಹೋಯ್ತು, ಕಲ್ಲೂ ಹೋಯ್ತು" ಅಂದಳು.

ನೊರೆ ಬಂದದ್ದು ಕೊಳೆಯಿಂದಲ್ಲ, ಕಲ್ಲಿನಿಂದ. ಶಹಾಬಾದ್ ಫರಸಿ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದರೆ ಕರಗುತ್ತದೆ. ನಿಂಬೆ, ಹುಣಸೆಯ ಹುಳಿ ಬಿದ್ದರೂ ಮಂಕಾಗುತ್ತದೆ. ಆಳಂದ, ಅಫಜಲಪುರದ ಕಡೆ ಅಗೆದರೆ ಸಿಗುವುದು ಕರಿಗಲ್ಲು. ಆದರೆ ಮನೆಗೆ ಹಾಸುವುದಕ್ಕೆ ಮಾತ್ರ ಶಹಾಬಾದಿನ ಫರಸಿಯೇ ಬೇಕು, ಬಿರುಬೇಸಿಗೆಯ ಮಧ್ಯಾಹ್ನ ಚಾಪೆಯಿಲ್ಲದೆ ಮೈಚಾಚಲು ಅದಕ್ಕಿಂತ ಹಿತವಾದದ್ದಿಲ್ಲ. ಇಟ್ಟಂಗಿಯನ್ನು ಇಡಿಯಾಗಿ ಹಾಸುವ ರೂಢಿ ನಮ್ಮಲ್ಲಿ ಕಡಿಮೆ. ಅದು ಪುಡಿಯಾಗಿ, ಸುಣ್ಣದೊಡನೆ ಕಲೆತು, ಗಚ್ಚಾಗಿ ಹಳೆಯ ವಾಡೆಗಳ ನೆಲಕ್ಕೆ ಬರುತ್ತಿತ್ತು. ಅದಕ್ಕೂ ಆ್ಯಸಿಡ್ ಶತ್ರುವೇ.

ಆಯಿಯ ಕಾಲಕ್ಕೆ ಈ ಪಡಸಾಲೆಯಲ್ಲಿ ಫರಸಿಯೂ ಇರಲಿಲ್ಲ, ಗಚ್ಚೂ ಇರಲಿಲ್ಲ. ಮಣ್ಣಿನ ನೆಲ. ಶೆಗಣಿ ಕಲಸಿಕೊಂಡು ಮೂಲೆಯಿಂದ ಹಿಂದಹಿಂದಕ್ಕೆ ಸರಿಯುತ್ತ ಸಾರಿಸುತ್ತಿದ್ದಳು. ಒಣಗಿದ ಮೇಲೆ ಅವಳ ಬೆರಳಿನ ಗೆರೆಗಳು ಅರ್ಧಚಂದ್ರದ ಸಾಲಾಗಿ ಕಾಣುತ್ತಿದ್ದವು. ಯೋಚಿಸಿದರೆ ವಿಚಿತ್ರ: ತೊಳೆಯುವುದೆಂದರೆ ಇದ್ದದ್ದನ್ನು ತೆಗೆಯುವುದು, ಸಾರಿಸುವುದೆಂದರೆ ಇದ್ದದ್ದರ ಮೇಲೆ ಮತ್ತೊಂದು ಪದರ ಕೊಡುವುದು. ಸವೆದದ್ದನ್ನು ತುಂಬಿಕೊಟ್ಟರೆ ಅವಳ ನೆಲ ಶುಚಿಯಾಗುತ್ತಿತ್ತು. (ಅದನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಮೊಣಕಾಲೂರಿದವಳು ಅವಳು, ಚಿಂತನ ಬರೆಯುತ್ತಿರುವವನು ನಾನು. ಮನೆಗೆ ಫರಸಿ ಬಂದ ದಿನ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳೂ ಅವಳೇ.)

ಸಾರಿಸಿದ್ದು ಉಳಿಯುವುದಿಲ್ಲವೆಂದು ಆಯಿಗೆ ಗೊತ್ತಿತ್ತು. ಸಂಜೆಯೊಳಗೆ ಮಕ್ಕಳ ಹೆಜ್ಜೆ, ಕೋಳಿಯ ಕೆದರು. ಅವಳಿಗೆ ಅದು ಸೋಲಾಗಿ ಕಾಣಲಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕ ಶಿವಭಕ್ತರ ಅಂಗಳ ಗುಡಿಸುವುದು. ಮರುದಿನ ಮತ್ತೆ ಕಸ ಬೀಳುತ್ತದೆಂದು ಅವಳಿಗೆ ತಿಳಿಯದೇ? ಮುಗಿದುಹೋಗುವ ಕೆಲಸವಾಗಿದ್ದರೆ ಅದನ್ನು ಕಾಯಕವೆಂದು ಹಿಡಿಯಲು ಬರುತ್ತಿತ್ತೇ? ನನ್ನ ಆ್ಯಸಿಡ್ ಬಾಟಲಿಯ ಹಿಂದೆ ಇದ್ದದ್ದು ಇದರ ತದ್ವಿರುದ್ಧ: ಒಮ್ಮೆಗೇ ಮುಗಿಸಿಬಿಡಬೇಕು, ಮತ್ತೆ ಈ ಮೂಲೆಯ ಕಡೆ ತಿರುಗಬಾರದು ಎಂಬ ಹಟ. ನೆಲದ ಮೇಲೆ ನನಗೆ ಅಕ್ಕರೆ ಇರಲಿಲ್ಲ, ಸಿಟ್ಟಿತ್ತು.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ಅಕ್ಕನ ಮನೆಗೂ ನೀರು ಹೊಕ್ಕಿತು. ಇಳಿದ ಮೇಲೆ ನೆಲವೇ ಕಾಣದಷ್ಟು ಕೆಸರು. "ಹಸಿ ಇದ್ದಾಗಲೇ ತೆಗೀಬೇಕು, ಒಣಗಿದ್ರ ಸಲಕಿಗೂ ಬಗ್ಗಂಗಿಲ್ಲ" ಎಂದಳು ಅಕ್ಕ. ಎರಡು ದಿನ ಬುಟ್ಟಿಯಲ್ಲಿ ಹೊತ್ತು ಹಾಕಿದೆವು. ಭಾವ ಮಾತ್ರ ಅದನ್ನು ಬೀದಿಗೆ ಚೆಲ್ಲಗೊಡಲಿಲ್ಲ. ಹಿತ್ತಲಲ್ಲಿ ಗುಡ್ಡೆ ಹಾಕಿಸಿ ಆಮೇಲೆ ಹೊಲಕ್ಕೆ ಸಾಗಿಸಿದರು. ಮನೆಯಲ್ಲಿ ಹೊಲಸಾಗಿದ್ದದ್ದು ಹೊಲಕ್ಕೆ ಹೋಗಿ ಮೆಕ್ಕಲು ಮಣ್ಣಾಯಿತು.

ಮೂರನೆಯ ದಿನ ನೀರು ಹೊಡೆದಾಗ ಫರಸಿ ತಣ್ಣಗೆ, ಬೂದಿಬಣ್ಣದಲ್ಲಿ ಮೇಲೆದ್ದಿತು. ಸಂದುಗಳನ್ನು ಕಡ್ಡಿಯಿಂದ ಕೆದರುತ್ತ ಕುಳಿತಾಗ ಹೊಳೆಯಿತು: ಈ ಕಲ್ಲೂ ಕೆಸರೇ ಆಗಿತ್ತು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಪದರ ಪದರವಾಗಿ ಕುಳಿತ ಸುಣ್ಣದ ಕೆಸರು. ಉಳಿ ಇಟ್ಟು ಹೊಡೆದರೆ ಹಲಗೆಯಂತೆ ಬಿಡಿಸಿಕೊಳ್ಳುವುದು ಅದಕ್ಕೇ. ಆಯಿಯ ನೆಲದ ಹಾಗೆ ಇದೂ ಸಾರಿಸಿ ಆದದ್ದು. ಕೈ ಮಾತ್ರ ಬೇರೆ. ಒಂದು ಕಾಲದ ಕೆಸರಿನ ಮೇಲಿಂದ ನಾವು ಇನ್ನೊಂದು ಕಾಲದ ಕೆಸರನ್ನು ತೆಗೆಯುತ್ತಿದ್ದೆವು.

ಉಪ್ಪು ನಮ್ಮ ಗೋಡೆಯ ಬುಡದಲ್ಲಿ ಈಗಲೂ ಏಳುತ್ತದೆ. ಅವ್ವ ಅದನ್ನು ಒಣ ಬಾರಿಗೆಯಿಂದ ಗುಡಿಸಿ ಮೊರಕ್ಕೆ ಎತ್ತಿ ಹೊರಗೆ ಹಾಕುತ್ತಾಳೆ. ನೀರು ಹಾಕಿದರೆ ಕರಗಿ ಮತ್ತೆ ಕಲ್ಲಿನೊಳಕ್ಕೇ ಇಳಿಯುತ್ತದಂತೆ. ಆಮೇಲೆ ಹಿಂಡಿದ ಅರಿವೆಯಿಂದ ಒಮ್ಮೆ ಒರೆಸಿದರೆ ಆಯಿತು. ನಿಮ್ಮ ಮನೆಯಲ್ಲೂ ಫರಸಿಯಿದ್ದರೆ, ಬಾಟಲಿ ಬಗ್ಗಿಸುವ ಮುಂಚೆ ಯಾರಿಗೂ ಕಾಣದ ಮೂಲೆಯ ಕಲ್ಲಿನ ಮೇಲೆ ಒಂದೇ ಹನಿ ಹಾಕಿ ನೋಡಿ. ನೊರೆ ಬಂದರೆ ಮುಚ್ಚಳ ಹಾಕಿಬಿಡಿ.