ಟ್ಯಾಪೆಟ್ ಸದ್ದು ಮತ್ತು ಪ್ರಮಾಣದ ಪ್ರಶ್ನೆ

ಬೆಳಿಗ್ಗೆ ಕಿಕ್ ಹೊಡೆದ ಕೂಡಲೇ ಬೈಕಿನ ಹೆಡ್ಡಿನ ಕಡೆಯಿಂದ ಟಿಕ್ ಟಿಕ್ ಎಂದು ಸದ್ದು ಬಂದರೆ, ಹಿರೇಹಡಗಲಿಯಿರಲಿ ಕೊಟ್ಟೂರಿರಲಿ, ಪಕ್ಕದಲ್ಲಿ ನಿಂತವರ ತೀರ್ಪು ಒಂದೇ: ‘ಟ್ಯಾಪೆಟ್ ಹೊಡೀಲಿಕತ್ತೈತಿ’. ತೀರ್ಪು ಬಹಳ ಸಲ ಸರಿಯೇ ಇರುತ್ತದೆ. ಆದರೆ ಅದು ಸರಿಯೆಂಬುದು ಹೇಳಿದವನಿಗೆ ಗೊತ್ತಿತ್ತೋ, ಊಹೆ ತಾನಾಗಿ ಹೊಂದಿಕೊಂಡಿತೋ ಎಂಬುದು ಬೇರೆಯೇ ಪ್ರಶ್ನೆ. ನಮ್ಮ ದಾರ್ಶನಿಕರು ಶತಮಾನಗಟ್ಟಲೆ ಜಗಳಾಡಿದ್ದು ಇದೇ ಪ್ರಶ್ನೆಯ ಮೇಲೆ. ಜ್ಞಾನ ಹುಟ್ಟುವಾಗಲೇ ತನ್ನ ಪ್ರಾಮಾಣ್ಯವನ್ನು, ಅಂದರೆ ತಾನು ನಿಜವೆಂಬ ಭರವಸೆಯನ್ನು, ಜೊತೆಗೆ ತರುತ್ತದೆಯೆಂದು ಕುಮಾರಿಲ ಭಟ್ಟನಂಥ ಮೀಮಾಂಸಕರು ವಾದಿಸಿದರು. ತಪ್ಪೆಂದು ತೋರುವವರೆಗೆ ಅದನ್ನು ನಂಬುವುದೇ ಸರಿ ಎಂಬುದು ಅವರ ನಿಲುವು. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪಲಿಲ್ಲ. ತಿಳಿದದ್ದು ನಿಜವೋ ಸುಳ್ಳೋ ಎಂಬುದು ಆ ತಿಳಿವಳಿಕೆಯಿಂದಲೇ ಗೊತ್ತಾಗುವುದಿಲ್ಲ, ಅದನ್ನು ನಂಬಿ ಮಾಡಿದ ಕೆಲಸ ಫಲಿಸಿತೋ ಇಲ್ಲವೋ ನೋಡಬೇಕು ಎಂದರು. ವಾತ್ಸ್ಯಾಯನ ತನ್ನ ನ್ಯಾಯಭಾಷ್ಯವನ್ನು ಆರಂಭಿಸುವುದೇ ಈ ಮಾತಿನಿಂದ. ಮನೆಯಂಗಳದಲ್ಲಿ ಪಾನಾ ಹಿಡಿದು ಕೂತವನ ಅನುಭವ ನೈಯಾಯಿಕರ ಪಕ್ಷವನ್ನು ಬಲಪಡಿಸುತ್ತದೆ ಎಂಬುದು ನನ್ನ ವಾದ. ಆ ಪಕ್ಷ ಧರ್ಮದ ಮಾತಿಗೆ ಎಷ್ಟು ದೂರ ಸಲ್ಲುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ. ಇದು ಈ ನೆಲಕ್ಕೆ ಹೊರಗಿನಿಂದ ತಂದ ಚರ್ಚೆಯೇನಲ್ಲ. ಹಿರೇಹಡಗಲಿಯ ಕಲ್ಲೇಶ್ವರ ಗುಡಿ ಎದ್ದ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಶೈವ ಮಠಗಳಲ್ಲಿ ತರ್ಕ ಪಾಠದ ವಿಷಯವಾಗಿತ್ತು; ಬಳ್ಳಿಗಾವಿಯ ಕೋಡಿಯ ಮಠವನ್ನು ಹೊಗಳುವ 1162ರ ಶಾಸನ, ಅಲ್ಲಿ ಓದಿಸುತ್ತಿದ್ದ ದರ್ಶನಗಳಲ್ಲಿ ನ್ಯಾಯ, ವೈಶೇಷಿಕ, ಸಾಂಖ್ಯಗಳನ್ನೂ ಹೆಸರಿಸುತ್ತದೆ.

ಮೊದಲು ಸದ್ದು ಹುಟ್ಟುವ ಜಾಗವನ್ನು ನೋಡೋಣ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಕ್ಯಾಮಿನ ಉಬ್ಬು ರಾಕರನ್ನು ಎತ್ತುತ್ತದೆ, ರಾಕರಿನ ತುದಿಯ ಸ್ಕ್ರೂ, ಅಂದರೆ ಟ್ಯಾಪೆಟ್, ವಾಲ್ವಿನ ಕಾಂಡವನ್ನು ಒತ್ತುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮೇಲೆಳೆಯುತ್ತದೆ. ಲೋಹ ಬಿಸಿಗೆ ಹಿಗ್ಗುವುದರಿಂದ ಸ್ಕ್ರೂಗೂ ಕಾಂಡಕ್ಕೂ ನಡುವೆ ಒಂದಿಷ್ಟು ಸಂದು ಬಿಟ್ಟಿರಲೇಬೇಕು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಓಡುವ ಹೋಂಡಾ ಮೂಲದ ಹಳೆಯ 97.2 ಸಿಸಿ ಗಾಡಿಗಳಲ್ಲಿ ಈ ಸಂದು ತಣ್ಣಗಿದ್ದಾಗ ಸುಮಾರು 0.05 ಮಿಲಿಮೀಟರ್, ಅಂದರೆ ಪ್ರಿಂಟರಿಗೆ ಹಾಕುವ ಹಾಳೆಯ ಅರ್ಧ ದಪ್ಪ. ಸವೆದು ಸಂದು ಹೆಚ್ಚಾದರೆ ಸ್ಕ್ರೂ ಕಾಂಡವನ್ನು ಒತ್ತುವ ಬದಲು ಬಡಿಯತೊಡಗುತ್ತದೆ. ಐಡಲಿನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 1400 ಸುತ್ತು ತಿರುಗುತ್ತಿದ್ದರೆ ಕ್ಯಾಮ್ 700 ಸುತ್ತು, ಒಂದು ವಾಲ್ವಿಗೆ ಸೆಕೆಂಡಿಗೆ ಹನ್ನೆರಡರಷ್ಟು ಬಡಿತ. ಕ್ರ್ಯಾಂಕಿನ ವೇಗದಲ್ಲಿ ಬರುವ ಸದ್ದಿಗೂ ಅದರ ಅರ್ಧ ವೇಗದಲ್ಲಿ ಬರುವ ಸದ್ದಿಗೂ ಇರುವ ಅಂತರವನ್ನು ಪಳಗಿದ ಕಿವಿ ಹಿಡಿಯುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸಲೀಸು. ತೊಡಕು ಮುಂದಿದೆ. ಟೈಮಿಂಗ್ ಚೈನ್ ಸಡಿಲಾದರೂ ಹೆಡ್ಡಿನ ಹತ್ತಿರ ಸದ್ದು ಬರುತ್ತದೆ. ಅದು ಸ್ವಲ್ಪ ಕರಕರ ಎನ್ನುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಎದ್ದು ಕೇಳುತ್ತದೆ. ಬ್ಲಾಕ್ ಸವೆದು ಪಿಸ್ಟನ್ ಬಡಿಯುತ್ತಿದ್ದರೆ ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಮೆಲ್ಲಗೆ. ಸೈಲೆನ್ಸರ್ ಪೈಪು ಹೆಡ್ಡಿಗೆ ಕೂಡುವ ಕಡೆ ಪ್ಯಾಕಿಂಗ್ ಹೋಗಿದ್ದರೆ ಅಲ್ಲಿಂದ ನುಸುಳುವ ಹೊಗೆ ಟ್ಯಾಪೆಟ್ಟಿನ ಸದ್ದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತದೆಂದರೆ, ಅದನ್ನು ನಂಬಿ ಹೆಡ್ ಬಿಚ್ಚಿದವರಿದ್ದಾರೆ. ಆಯಿಲ್ ಕಡಿಮೆಯಿದ್ದರೆ ಇವೆಲ್ಲವೂ ಒಟ್ಟಿಗೆ ದನಿಯೆತ್ತುತ್ತವೆ. ಕಿವಿಗೆ ಬಿದ್ದದ್ದು ‘ಟಿಕ್’ ಮಾತ್ರ. ‘ಟ್ಯಾಪೆಟ್’ ಎಂಬುದನ್ನು ಸೇರಿಸಿದ್ದು ಮನಸ್ಸು. ತರ್ಕಶಾಸ್ತ್ರದ ಲೆಕ್ಕದಲ್ಲಿ ಮೊದಲನೆಯದು ಪ್ರತ್ಯಕ್ಷ, ಎರಡನೆಯದು ಅನುಮಾನ. ಅನುಮಾನ ನಿಲ್ಲುವುದು ವ್ಯಾಪ್ತಿಯ ಮೇಲೆ: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ತಪ್ಪದ ಜೊತೆ. ಟಿಕ್ ಸದ್ದಿಗೂ ಹೆಚ್ಚಿದ ಸಂದಿಗೂ ಅಂಥ ತಪ್ಪದ ಜೊತೆ ಇಲ್ಲ, ಹಲವು ಸಲದ ಜೊತೆ ಇದೆ. ಹಲವು ಸಲದ್ದನ್ನು ಎಲ್ಲ ಸಲದ್ದೆಂದು ಎಣಿಸುವುದೇ ತಾರ್ಕಿಕರು ಸವ್ಯಭಿಚಾರವೆಂದು ಹೆಸರಿಟ್ಟ ದೋಷ.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಸದ್ದು ಇದ್ದರೆ ರೋಗ ಎಂದು ನಂಬಿದವನು, ಸದ್ದು ಇಲ್ಲದಿದ್ದರೆ ಆರೋಗ್ಯ ಎಂದೂ ನಂಬಿಬಿಡುತ್ತಾನೆ. ನಿಜದಲ್ಲಿ ಇಂಜಿನ್ನಿಗೆ ಹೆಚ್ಚು ಕೇಡು ಮಾಡುವುದು ಸಂದು ಕಡಿಮೆಯಾದ ವಾಲ್ವ್, ಅದು ಸದ್ದೇ ಮಾಡುವುದಿಲ್ಲ. ವಾಲ್ವ್ ತನ್ನ ಸೀಟಿನೊಳಗೆ ಸವೆದು ಕೂತಷ್ಟೂ ಕಾಂಡ ಮೇಲೇರಿ ಸಂದು ಮುಚ್ಚಿಕೊಳ್ಳುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಸೀಟಿಗೆ ದಾಟಿಸಿ ತಂಪಾಗಬೇಕು. ಪೂರ್ತಿ ಮುಚ್ಚಲಾಗದಿದ್ದರೆ ಆ ದಾರಿ ಕಟ್ಟಿ ಅಂಚು ಸುಡುತ್ತದೆ, ಕಂಪ್ರೆಷನ್ ಇಳಿಯುತ್ತದೆ, ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ಅಷ್ಟಾಗುವವರೆಗೂ ಗಾಡಿ ‘ಬೆಣ್ಣೆಯಂಗೆ’ ಓಡುತ್ತಿರುತ್ತದೆ. ತರ್ಕದ ಪಾಠಗಳಲ್ಲಿ ಇದಕ್ಕೆ ಸಿದ್ಧ ಉದಾಹರಣೆಯೇ ಇದೆ: ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಬೇಕಾದರೆ ಹಸಿ ಸೌದೆ ಇರಬೇಕೆಂಬ ಷರತ್ತು ಸೇರುತ್ತದೆ. ಆ ಷರತ್ತನ್ನು ಉಪಾಧಿ ಎಂದರು. ಟ್ಯಾಪೆಟ್ ವಿಷಯದ ಉಪಾಧಿ ಇಂಜಿನ್ನಿನ ತಾಪ. ಸಂದಿನ ಅಳತೆ ಕೊಟ್ಟಿರುವುದು ತಣ್ಣಗಿನ ಇಂಜಿನ್ನಿಗೆ. ಈಗತಾನೇ ಓಡಿಸಿ ತಂದ ಗಾಡಿಯ ಸಂದನ್ನು ಅಳೆದು, ಅಳತೆ ಸಿಕ್ಕಿತೆಂದು ಬೀಗುವವನು ಉಪಾಧಿ ಮರೆತ ತಾರ್ಕಿಕ.

ಹಾಗಾದರೆ ಪರೀಕ್ಷೆ ಹೇಗೆ? ಬಿಚ್ಚಿ ನೋಡುವುದೇ ದಾರಿ, ಮತ್ತು ಅದು ಮನೆಯಲ್ಲೇ ಆಗುವ ಕೆಲಸ. ಗಾಡಿ ಇಡೀ ರಾತ್ರಿ ತಣ್ಣಗಾಗಿರಬೇಕು. ಮೊದಲು ಆಯಿಲ್ ನೋಡಿ, ಸೈಲೆನ್ಸರ್ ಪ್ಯಾಕಿಂಗಿನ ಸುತ್ತ ಕರಿ ಕಟ್ಟಿದೆಯೇ ನೋಡಿ, ಆಮೇಲೆ ಹೆಡ್ಡಿಗೆ ಕೈ ಹಾಕಬೇಕು. ಅಗ್ಗದ ಶಂಕೆಗಳು ಮೊದಲು ತೀರಲಿ. ಪ್ಲಗ್ ತೆಗೆದು, ಮ್ಯಾಗ್ನೆಟ್ ಕವರಿನ ಮುಚ್ಚಳ ಬಿಚ್ಚಿ, ‘ಟಿ’ ಗುರುತು ಕಚ್ಚಿಗೆ ಬರುವ ತನಕ ಕ್ರ್ಯಾಂಕ್ ತಿರುಗಿಸಬೇಕು. ಆ ಗುರುತು ಎರಡು ಸುತ್ತಿನಲ್ಲಿ ಎರಡು ಸಲ ಬರುತ್ತದೆ, ಬೇಕಾದದ್ದು ಕಂಪ್ರೆಷನ್ನಿನದು. ಎರಡೂ ರಾಕರುಗಳಲ್ಲಿ ಆಟ ಸಿಕ್ಕರೆ ಸರಿ, ಬಿಗಿಯಿದ್ದರೆ ಇನ್ನೊಂದು ಸುತ್ತು. ಆಮೇಲೆ ಫೀಲರ್ ಗೇಜಿನ ಎಲೆ ಸ್ವಲ್ಪವೇ ಎಳೆತದೊಂದಿಗೆ ಸರಿಯುವಂತೆ ಸ್ಕ್ರೂ ಕೂರಿಸಿ ಲಾಕ್‌ನಟ್ ಬಿಗಿಯಬೇಕು, ಬಿಗಿದ ಮೇಲೆ ಮತ್ತೆ ಅಳೆಯಬೇಕು, ಏಕೆಂದರೆ ನಟ್ಟಿನ ಜೊತೆ ಸ್ಕ್ರೂ ಕೂಡ ತುಸು ತಿರುಗಿರುತ್ತದೆ. ಪುಶ್‌ರಾಡಿನ ಹಳೆಯ ಬುಲೆಟ್ಟಿನಲ್ಲಾದರೆ ಗೇಜೂ ಬೇಡ: ರಾಡು ಎರಡು ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಸದ್ದು ಹೋದರೆ ಊಹೆ ಜ್ಞಾನವಾಯಿತು. ಸಂದು ಸರಿಯಿದ್ದೂ ಸದ್ದು ಉಳಿದರೆ ಊಹೆ ಬಿತ್ತು, ಚೈನಿನ ಟೆನ್ಷನರಿನ ಕಡೆ ಹೋಗಬೇಕು. ಎರಡರಲ್ಲೂ ತೀರ್ಪು ಕೊಟ್ಟದ್ದು ಕಿವಿಯಲ್ಲ.

ಇದಕ್ಕೆ ಮೊದಲ ಆಕ್ಷೇಪ ಗ್ಯಾರೇಜಿನಿಂದಲೇ ಬರುತ್ತದೆ. ಪಳಗಿದ ಮೇಸ್ತ್ರಿಗಳು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಏನನ್ನೂ ಬಿಚ್ಚದೆ ರೋಗ ಹೇಳುತ್ತಾರಲ್ಲ, ಅವರ ತಿಳಿವಳಿಕೆ ಸ್ವತಃಸಿದ್ಧವಲ್ಲವೇ? ಅಲ್ಲ. ಆ ಕಿವಿಯ ಹಿಂದೆ ಬಿಚ್ಚಿ ನೋಡಿದ ನೂರಾರು ಹೆಡ್ಡುಗಳಿವೆ. ಪರೀಕ್ಷೆ ಅಲ್ಲಿ ಇಲ್ಲದಿಲ್ಲ, ಮುಂಚೆಯೇ ನಡೆದುಹೋಗಿದೆ. ಹಾಗಿದ್ದೂ ಒಳ್ಳೆಯ ಮೇಸ್ತ್ರಿ ‘ಬಿಚ್ಚಿ ನೋಡೋಣ ತಡೀರಿ’ ಎಂದೇ ಹೇಳುತ್ತಾನೆ. ಎರಡನೆಯ ಆಕ್ಷೇಪ ಮೀಮಾಂಸಕರದು, ಹೆಚ್ಚು ಬಲವಾದದ್ದು. ಕಿವಿಗೆ ಗೇಜಿನ ಸಾಕ್ಷಿ ಬೇಕಾದರೆ ಗೇಜಿಗೆ ಯಾರ ಸಾಕ್ಷಿ? ಎಲೆ ಸವೆದಿರಬಹುದು, ರಾಕರಿನ ತುದಿಯಲ್ಲಿ ಗುಳಿ ಬಿದ್ದು ಚಪ್ಪಟೆ ಎಲೆ ಅದರ ಮೇಲೆ ಹಾಯ್ದು ಸಂದನ್ನು ಕಡಿಮೆ ತೋರಿಸಬಹುದು. ಸಾಕ್ಷಿಗೆ ಸಾಕ್ಷಿ ಹುಡುಕುತ್ತ ಹೋದರೆ ಕೊನೆಯಿಲ್ಲ, ಆದ್ದರಿಂದ ಎಲ್ಲಾದರೂ ಒಂದು ಕಡೆ ಜ್ಞಾನವನ್ನು ಅದರ ಮಾತಿನ ಮೇಲೆಯೇ ನಂಬಬೇಕು ಎಂಬುದು ಅವರ ವಾದ. ಇದನ್ನು ತಳ್ಳಿಹಾಕಲಾಗದು. ಆದರೆ ನೈಯಾಯಿಕ ಉದಯನ ಶಂಕೆಗೆ ಹಾಕಿದ ಗಡಿ ಇಲ್ಲಿ ನೆರವಿಗೆ ಬರುತ್ತದೆ: ಶಂಕೆ ನಮ್ಮ ನಡವಳಿಕೆಯೊಂದಿಗೇ ಜಗಳಕ್ಕೆ ಬೀಳುವ ತನಕ ಮಾತ್ರ ಶಂಕೆ. ಹಸಿವಿಗೆ ಊಟ ಹುಡುಕುವವನು ಊಟದಿಂದ ಹಸಿವು ಹೋಗುತ್ತದೆಯೇ ಎಂದು ಅನುಮಾನಿಸುವಂತಿಲ್ಲ. ಅನುಮಾನವನ್ನೇ ಪ್ರಮಾಣವೆಂದು ಒಪ್ಪದ ಚಾರ್ವಾಕನೂ ಬ್ರೇಕ್ ಒತ್ತಿದರೆ ಗಾಡಿ ನಿಂತೀತೆಂದು ನಂಬಿಯೇ ಇಳಿಜಾರಿಗೆ ಬಿಡುತ್ತಾನೆ. ನಿಲ್ಲಬೇಕಾದ ಜಾಗ ಇದೆ ಎಂಬಲ್ಲಿ ಮೀಮಾಂಸಕರು ಸರಿ. ಅದು ಮೊದಲ ಸದ್ದಿನಲ್ಲೇ ಇದೆ ಎನ್ನಲು ಮಾತ್ರ ಅವರ ವಾದ ಸಾಲದು.

ಮೂರನೆಯ ಆಕ್ಷೇಪ ಭಕ್ತನದು. ಹಿರೇಹಡಗಲಿ ಇರುವ ಇದೇ ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ, ಮೈಲಾರಲಿಂಗನ ಭಕ್ತನಾದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಬರುವುದು ಒಂದೇ ಸಾಲಿನ ಭವಿಷ್ಯವಾಣಿ, ಕಾರಣಿಕ. ಅದನ್ನು ವರ್ಷದ ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹೊಂದಿಸಿ ಅರ್ಥ ಮಾಡುತ್ತಾರೆ. ಈ ಮಾತನ್ನು ಯಾವ ಗೇಜಿನಿಂದ ಅಳೆಯುತ್ತೀರಿ ಎಂದು ಭಕ್ತ ಕೇಳಿದರೆ ಉತ್ತರ ನೇರವಾಗಿಯೇ ಇರಬೇಕು: ಅಳೆಯಲಾಗದು. ಯಾವ ಫಲ ಬಂದರೆ ಮಾತು ಬೀಳುತ್ತದೆ ಎಂದು ಮುಂಚೆ ಗೊತ್ತು ಮಾಡಿಲ್ಲದ ಕಡೆ, ಆಮೇಲೆ ಏನು ಬಂದರೂ ಹೊಂದುತ್ತದೆ. ಹೀಗೆಂದ ಮಾತ್ರಕ್ಕೆ ಕಾರಣಿಕ ಸುಳ್ಳಾಗುವುದಿಲ್ಲ. ಅದು ಅನುಮಾನದ ಸಾಲಿಗೆ ಸೇರಿದ ಮಾತಲ್ಲ ಎಂದಷ್ಟೇ ಆಗುತ್ತದೆ. ಮಳೆಯನ್ನೇ ನಂಬಿದ ಸೀಮೆ ತನ್ನ ಭಯವನ್ನೂ ಆಸೆಯನ್ನೂ ಒಟ್ಟಾಗಿ ಕೇಳಿಸಿಕೊಳ್ಳುವ ಗಳಿಗೆ ಅದು, ಅದರ ಬೆಲೆ ಅಲ್ಲಿದೆ. ಬಿತ್ತನೆ ಬೀಜ ಯಾವುದೆಂದು ಅದರಿಂದ ತೀರ್ಮಾನಿಸ ಹೊರಟಾಗ ಮಾತ್ರ ಅದು ಪರೀಕ್ಷೆಯ ಅಂಗಳಕ್ಕೆ ಕಾಲಿಡುತ್ತದೆ, ಅಲ್ಲಿ ಬಂದ ಮೇಲೆ ವಿನಾಯಿತಿ ಕೇಳುವಂತಿಲ್ಲ. ಪರೀಕ್ಷೆ ಎಂದರೆ ನಾಸ್ತಿಕತೆ ಎಂದು ಹೆದರುವವರು ನ್ಯಾಯಸೂತ್ರದ ಎರಡನೆಯ ಅಧ್ಯಾಯ ನೋಡಬೇಕು. ವೇದದ ಪ್ರಾಮಾಣ್ಯವನ್ನು ಸಮರ್ಥಿಸುವಾಗ ಸೂತ್ರಕಾರ ತೆಗೆದುಕೊಂಡ ದೃಷ್ಟಾಂತ ಮಂತ್ರ ಮತ್ತು ಆಯುರ್ವೇದ: ಮದ್ದು ಗುಣ ಕೊಟ್ಟದ್ದರಿಂದ ಹೇಳಿದವನು ಆಪ್ತನೆಂದು, ನಂಬತಕ್ಕವನೆಂದು, ತಿಳಿಯುತ್ತದೆ, ಆಪ್ತನ ಮಾತಾದ್ದರಿಂದ ಉಳಿದದ್ದನ್ನೂ ನಂಬಬಹುದು. ಉದ್ಯೋತಕರನಂಥ ಪಾಶುಪತ ಶೈವ ಆಚಾರ್ಯ ಈ ಶಾಸ್ತ್ರಕ್ಕೆ ವಾರ್ತಿಕ ಬರೆದದ್ದು ಶಿವಭಕ್ತಿಯನ್ನು ಬದಿಗಿಟ್ಟಲ್ಲ.

ಪರೀಕ್ಷೆಗೂ ಮಿತಿಯಿದೆ. ಟ್ಯಾಪೆಟ್ ಕೂರಿಸಿದ ಮೇಲೂ ಒಂದಿಷ್ಟು ಸದ್ದು ಉಳಿಯುತ್ತದೆ, ಸಂದು ಇರಲೇಬೇಕಾದ ಕಡೆ ಸದ್ದೂ ಇದ್ದೇ ಇರುತ್ತದೆ. ಅದನ್ನೂ ಅಡಗಿಸಬೇಕೆಂದು ಸ್ಕ್ರೂವನ್ನು ಇನ್ನೊಂದು ಎಳೆ ಬಿಗಿಯುವವನು ಕಿವಿಗೆ ಸಮಾಧಾನ ಕೊಟ್ಟು ಎಕ್ಸಾಸ್ಟ್ ವಾಲ್ವನ್ನು ಸುಡುತ್ತಾನೆ. ಗೇಜಿನ ಎಲೆ ಲಾಕ್‌ನಟ್ ಬಿಗಿದ ಮೇಲೂ ಅದೇ ಎಳೆತದಲ್ಲಿ ಸರಿದರೆ ಮುಚ್ಚಳ ಹಾಕಿ ಗಾಡಿ ಹೊರಗೆ ತೆಗೆಯಬೇಕು. ಮತ್ತೆ ಬಿಚ್ಚುವುದು ಗಾಡಿಯ ಜೊತೆ ಬಂದ ಪುಸ್ತಕ ಹೇಳಿದಷ್ಟು ಕಿಲೋಮೀಟರ್ ಆದ ಮೇಲೆ, ಆಗ ಸದ್ದು ಬರಲಿ ಬಾರದಿರಲಿ.