ಅಪ್ಪನ ಪದ್ಮಿನಿಗೆ ಡಿಸ್ಕ್ ಬ್ರೇಕ್

ಅಪ್ಪನ 1978ರ ಪ್ರೀಮಿಯರ್ ಪದ್ಮಿನಿಯನ್ನು ಹುಬ್ಬಳ್ಳಿಯಿಂದ ಪುಣೆಗೆ ತಂದೆ. 1089 ಸಿಸಿ ಎಂಜಿನ್ ಈಗಲೂ ಗಟ್ಟಿ. ಓಡುವುದಕ್ಕೆ ತಕರಾರಿಲ್ಲ, ನಿಲ್ಲುವುದೇ ಕಷ್ಟ: ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಾತ್ರಜ್ ಘಾಟಿಯ ಇಳಿಜಾರಿನಲ್ಲಿ ಅವು ಕಾದು, ಪೆಡಲ್ ಎಷ್ಟು ಒತ್ತಿದರೂ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳಿದ್ದಳು, ಬೆಲ್ಟ್ ಇಲ್ಲದೆ. ಹೇಗೋ ಪಾರಾದೆವು.

ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಸೀಟಿಗೆ ಬೆಲ್ಟ್ ಹಾಕಿಸಿದೆ. ‘ಇನ್ನು ಇದು ಒರಿಜಿನಲ್ ಅಲ್ಲ ಬಿಡಿ’ ಎಂದರು, ಹಳೆ ಕಾರುಗಳ ಹುಚ್ಚಿರುವ ಗೆಳೆಯರೊಬ್ಬರು. ಚುಚ್ಚಿತು, ಸುಳ್ಳೇನಲ್ಲವಲ್ಲ. ಆದರೆ ನೆನಪು ನನ್ನದು, ಅದರ ಬೆಲೆ ಮಗಳೇಕೆ ತೆರಬೇಕು? ಅಪ್ಪ ಕಾರು ಕೊಂಡದ್ದು ನಮ್ಮನ್ನು ಕೂರಿಸಿಕೊಂಡು ಹೋಗಲು.

ಸ್ಟಿಯರಿಂಗ್ ಪಕ್ಕದ ಗೇರ್ ಮಾತ್ರ ಮುಟ್ಟಿಲ್ಲ. ಸಿಗ್ನಲ್‌ನಲ್ಲಿ ಅದು ತಪ್ಪಿದರೆ ಹಿಂದಿನವರ ಹಾರ್ನು, ಬೈಗುಳ ನನಗೊಬ್ಬನಿಗೇ.